ಜೌಗು ನೆಲಕ್ಕೆ ಹತ್ತು ಟಿಎಂಸಿ

ನಮ್ಮ ಅಜ್ಜಿಯ ತವರುಮನೆ ಶರಾವತಿ ಕಣಿವೆಯಲ್ಲಿತ್ತು. ಈಗ ಅದು ಲಿಂಗನಮಕ್ಕಿ ಹಿನ್ನೀರಿನ ತಳದಲ್ಲಿದೆ. ಅಜ್ಜಿ ಡ್ಯಾಂ ಅನ್ನುತ್ತಿರಲಿಲ್ಲ, ಮುಳುಗಡೆ ಅನ್ನೋರು. ಯಾರ ಮದುವೆ ಯಾವಾಗ ಆಯ್ತು ಅಂದರೆ, "ಮುಳುಗಡೆಗೆ ಎರಡು ವರ್ಷ ಮುಂಚೆ" ಅಂತ ಲೆಕ್ಕ ಹೇಳೋರು. ಸಾಗರದ ಕಡೆ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಹಾಗೇ.

ಅಂಥ ಮನೆಯಲ್ಲಿ ಬೆಳೆದವನಿಗೆ, ಒಂದು ಜೌಗು ನೆಲವನ್ನು ಬದುಕಿಸಲು ದೊಡ್ಡ ಜಲಾಶಯ ಕಟ್ಟುತ್ತಿದ್ದಾರೆ ಎಂದರೆ ಹೇಗೆ ನಂಬಿಕೆ ಬರಬೇಕು? ಆದರೂ ಅಮೆರಿಕದ ಫ್ಲೋರಿಡಾದಲ್ಲಿ ನಡೆಯುತ್ತಿರುವುದು ಅದೇ. ಜೌಗಿನ ಹೆಸರು ಎವರ್‌ಗ್ಲೇಡ್ಸ್. ಓದುತ್ತಾ ಹೋದ ಹಾಗೆ ನನಗೆ ನಮ್ಮ ಗದ್ದೆಗಳು, ನಮ್ಮ ಹೊಳೆ ಎರಡೂ ಬೇರೆ ಥರ ಕಾಣಿಸಿದವು.

ನಾಟಿಗೆ ಹದ ಮಾಡಿದ ಗದ್ದೆ ನೆನಪು ಮಾಡಿಕೊಳ್ಳಿ. ನೆಲ ಸಮ, ಮೇಲೆ ಒಂದು ಗೇಣಿನಷ್ಟೂ ಇಲ್ಲದ ನೀರು. ನಿಂತ ಹಾಗೇ ಕಾಣುತ್ತದೆ. ಆದರೆ ಬದುವಿನ ಕಂಡಿಯ ಹತ್ತಿರ ಒಂದು ಹುಲ್ಲುಕಡ್ಡಿ ಬಿಟ್ಟರೆ, ಅದು ನಿಧಾನಕ್ಕೆ ಕೆಳಗಿನ ಗದ್ದೆಯತ್ತ ಜಾರುತ್ತದೆ. ಅಂಥ ಗದ್ದೆ ಶಿವಮೊಗ್ಗದಿಂದ ಹೊನ್ನಾವರದವರೆಗೆ ಹಾಸಿದರೆ ಹೇಗಿರುತ್ತದೋ, ಹಳೆಯ ಎವರ್‌ಗ್ಲೇಡ್ಸ್ ಹಾಗಿತ್ತು. ಸುಮಾರು 160 ಕಿಲೋಮೀಟರ್ ಉದ್ದ. ಇಳಿಜಾರು ಕಿಲೋಮೀಟರಿಗೆ ಬರೀ ಮೂರು ಸೆಂಟಿಮೀಟರಿನಷ್ಟು. ಮಳೆಗಾಲದಲ್ಲಿ ಒಕಿಚೋಬಿ ಅನ್ನೋ ದೊಡ್ಡ ಸರೋವರ ದಕ್ಷಿಣದ ದಡ ಮೀರಿ ಕೋಡಿ ಬೀಳುತ್ತಿತ್ತು. ಆ ನೀರು ಗರಗಸದಂಥ ಅಂಚಿನ ಹುಲ್ಲಿನ ನಡುವೆ ಹರಡಿಕೊಂಡು, ತಿಂಗಳುಗಟ್ಟಲೆ ತೆವಳಿ, ಕೊನೆಗೆ ಸಮುದ್ರ ಸೇರುತ್ತಿತ್ತು.

1928ರ ಚಂಡಮಾರುತದಲ್ಲಿ ಆ ಸರೋವರದ ಮಣ್ಣಿನ ಏರಿ ಒಡೆಯಿತು. ಎರಡೂವರೆ ಸಾವಿರದಷ್ಟು ಜನ ಸತ್ತರು. ಆಮೇಲೆ ಸುತ್ತ ಎತ್ತರದ ಏರಿ ಬಂತು. 1948ರಲ್ಲಿ ಅಮೆರಿಕದ ಸಂಸತ್ತು ಇಡೀ ದಕ್ಷಿಣ ಫ್ಲೋರಿಡಾಕ್ಕೆ ಕಾಲುವೆ, ಗೇಟು, ಪಂಪುಗಳ ಯೋಜನೆಗೆ ಒಪ್ಪಿತು. ಇತ್ತ ಶರಾವತಿಯಲ್ಲಿ ಜೋಗದ ವಿದ್ಯುತ್ತಿಗಾಗಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದೂ ಅದೇ ದಶಕದಲ್ಲಿ. ಆ ಕಾಲದಲ್ಲಿ ಎಲ್ಲ ಕಡೆ ಹೊಳೆಯನ್ನು ನೋಡಿದ ಕಣ್ಣು ಒಂದೇ ಇತ್ತು ಅನ್ನಿಸುತ್ತದೆ. ಸರೋವರದ ದಕ್ಷಿಣದ ಜೌಗನ್ನು ಬಸಿದು ಕಬ್ಬು ಹಾಕಿದರು. ಮೂಲ ಎವರ್‌ಗ್ಲೇಡ್ಸಿನಲ್ಲಿ ಉಳಿದದ್ದು ಅರ್ಧದಷ್ಟು.

ಬಸಿದ ಜೌಗು ಏನಾಗುತ್ತದೆ ಅಂತ ತೋರಿಸುವ ಒಂದು ಕಂಬ ಅಲ್ಲಿದೆ. ಬೆಲ್ ಗ್ಲೇಡ್ ಅನ್ನೋ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ 1924ರಲ್ಲಿ ಒಂಬತ್ತು ಅಡಿಯ ಕಾಂಕ್ರೀಟ್ ಕಂಬವೊಂದನ್ನು ತಳದ ಬಂಡೆಯವರೆಗೆ ಹೂತರು. ಆಗ ಅದರ ತಲೆ ನೆಲಕ್ಕೆ ಸಮವಾಗಿತ್ತು. ಈಗ ಆರು ಅಡಿ ಕಂಬ ಹೊರಗೆ ನಿಂತಿದೆ. ಕಂಬ ಮೇಲೆ ಬಂದಿಲ್ಲ, ಮಣ್ಣೇ ಇಳಿದುಹೋಗಿದೆ. ಆ ಮಣ್ಣು ಸಾವಿರಾರು ವರ್ಷ ನೀರಿನಡಿ ಪೂರ್ತಿ ಕೊಳೆಯದೆ ಕೂತ ಹುಲ್ಲು, ಬೇರು. ನೀರು ಇಳಿದ ಕೂಡಲೇ ಗಾಳಿ ಒಳಗೆ ಹೊಕ್ಕಿತು, ಸೂಕ್ಷ್ಮಜೀವಿಗಳು ತಿನ್ನತೊಡಗಿದವು. ಆರು ಅಡಿ ಮಣ್ಣಿನ ಬಹುಪಾಲು ಹೀಗೆ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರಿತು. ಆ ಕಂಬದ ಫೋಟೋ ನೋಡಿದ ದಿನ ನನಗೆ ಬೇರೆ ಕೆಲಸ ಮಾಡೋಕೇ ಆಗಲಿಲ್ಲ.

ಇನ್ನೊಂದು ತೊಂದರೆ ನೀರಿನದು. ಮಳೆಗಾಲದಲ್ಲಿ ಸರೋವರ ತುಂಬಿದರೆ ಏರಿಗೆ ಅಪಾಯ. ದಕ್ಷಿಣಕ್ಕೆ ಬಿಡೋಣ ಅಂದರೆ ಕಬ್ಬಿನ ಗದ್ದೆಗಳು ಅಡ್ಡ. ಹಾಗಾಗಿ ಕಾಲುವೆಗಳಲ್ಲಿ ಪೂರ್ವಕ್ಕೂ ಪಶ್ಚಿಮಕ್ಕೂ ತಿರುಗಿಸಿ ಸಮುದ್ರಕ್ಕೆ ಬಿಡುತ್ತಾರೆ. ಅಲ್ಲಿನ ಅಳಿವೆಗಳಲ್ಲಿ ಉಪ್ಪು ದಿಢೀರನೆ ಇಳಿದು ಚಿಪ್ಪಿಗಳು ಸಾಯುತ್ತವೆ. ಅದೇ ಹೊತ್ತಿಗೆ ದಕ್ಷಿಣದ ತುದಿಯ ಫ್ಲೋರಿಡಾ ಕೊಲ್ಲಿಗೆ ಬೇಕಾದಷ್ಟು ಸಿಹಿನೀರು ಬರುವುದಿಲ್ಲ. 2015ರ ಬರದಲ್ಲಿ ಅಲ್ಲಿ ಉಪ್ಪು ವಿಪರೀತ ಏರಿ ಕಡಲಹುಲ್ಲು ದೊಡ್ಡ ಪ್ರಮಾಣದಲ್ಲಿ ಸತ್ತಿತು. ಒಂದು ಕಡೆ ಸಿಹಿನೀರು ಜಾಸ್ತಿಯಾಗಿ ಸಾವು, ಇನ್ನೊಂದು ಕಡೆ ಸಿಹಿನೀರಿಲ್ಲದೆ ಸಾವು.

ಹೊಸ ಜಲಾಶಯ ಬರುವುದು ಈ ಎರಡರ ನಡುವೆ. ಮಳೆಗಾಲದ ಹೆಚ್ಚುವರಿ ನೀರನ್ನು ಹಿಡಿದಿಟ್ಟು, ಬೇಕಾದಾಗ ದಕ್ಷಿಣಕ್ಕೆ ಬಿಡುವುದು ಅದರ ಕೆಲಸ. ವಿಸ್ತೀರ್ಣ 10,500 ಎಕರೆ, ಆಳ 23 ಅಡಿ. ನಮ್ಮ ಲೆಕ್ಕದಲ್ಲಿ ಹತ್ತೂವರೆ ಟಿಎಂಸಿಗೆ ಸ್ವಲ್ಪ ಕಡಿಮೆ. ಭದ್ರಾ ಜಲಾಶಯದ ಏಳರಲ್ಲಿ ಒಂದು ಪಾಲು, ಲಿಂಗನಮಕ್ಕಿಯ ಹದಿನೈದರಲ್ಲಿ ಒಂದು ಪಾಲು. ಕಟ್ಟುವ ಕಷ್ಟ ಮಾತ್ರ ಬೇರೆ. ಮಲೆನಾಡಿನಲ್ಲಿ ಎರಡು ಗುಡ್ಡದ ನಡುವೆ ಗೋಡೆ ಎಬ್ಬಿಸಿದರೆ ಆಯ್ತು, ಉಳಿದದ್ದನ್ನು ಗುಡ್ಡವೇ ನೋಡಿಕೊಳ್ಳುತ್ತದೆ. ಅಲ್ಲಿ ಗುಡ್ಡವೇ ಇಲ್ಲ. ನಾಲ್ಕೂ ಕಡೆ ಏರಿ ಬೇಕು. ಕೆಳಗಿನ ಸುಣ್ಣಕಲ್ಲಿನಲ್ಲಿ ನೀರು ಜಿನುಗುತ್ತದೆ, ಅದಕ್ಕೆ ನೆಲದೊಳಗೂ ಗೋಡೆ ಇಳಿಸಬೇಕು.

ಹಿಡಿದಿಟ್ಟ ನೀರನ್ನು ಸುಮ್ನೆ ಬಿಡುವ ಹಾಗೂ ಇಲ್ಲ. ಹೊಲಗಳ ಗೊಬ್ಬರದಿಂದ ಬಂದ ರಂಜಕ ಅದರಲ್ಲಿರುತ್ತದೆ. ಎವರ್‌ಗ್ಲೇಡ್ಸ್ ಬಡ ನೀರಿಗೆ ಒಗ್ಗಿದ ಜಾಗ. ಒಂದು ಲೀಟರಿಗೆ 10 ಮೈಕ್ರೋಗ್ರಾಂ ರಂಜಕ ಅಲ್ಲಿನ ಮಿತಿ. ಮನೆಯ ಮೇಲಿನ ಸಾವಿರ ಲೀಟರ್ ಟ್ಯಾಂಕಿಗೆ ಅರ್ಧ ಅಕ್ಕಿಕಾಳಿನ ತೂಕ, ಅಷ್ಟೇ. ಅದಕ್ಕಿಂತ ಜಾಸ್ತಿಯಾದರೆ ಗರಗಸದ ಹುಲ್ಲನ್ನು ಅಡಗಿಸಿ ಜೊಂಡು ಏಳುತ್ತದೆ. ಚರಂಡಿ ನೀರು ಸೇರುವ ನಮ್ಮ ಕೆರೆಗಳಲ್ಲಿ ಕಂದು ಕದಿರು ಹೊತ್ತು ನಿಲ್ಲುತ್ತದಲ್ಲ, ಅಂಥದ್ದೇ ಜೊಂಡು. ಅದಕ್ಕೆ ಜಲಾಶಯದ ಪಕ್ಕದಲ್ಲೇ 6,500 ಎಕರೆಯ ಇನ್ನೊಂದು ಜೌಗನ್ನು ಮನುಷ್ಯರೇ ಮಾಡಿದ್ದಾರೆ. ನೀರು ಅದರ ಗಿಡಗಳ ನಡುವೆ ಸೋಸಿಕೊಂಡು ಮುಂದೆ ಹೋಗಬೇಕು.

ಇಷ್ಟೆಲ್ಲ ಆದಮೇಲೂ ಗೇಟು ಯಾವಾಗ ಎತ್ತಬೇಕು ಅನ್ನೋದು ಉಳಿಯುತ್ತದೆ. ಅಲ್ಲಿ ಒಂದು ಕೊಕ್ಕರೆ ಇದೆ, ನಮ್ಮ ಬಣ್ಣದ ಕೊಕ್ಕರೆಯ ಹತ್ತಿರದ ನೆಂಟ. ಅದು ಮೀನನ್ನು ಕಣ್ಣಿನಿಂದ ಹುಡುಕುವುದಿಲ್ಲ. ಕೊಕ್ಕನ್ನು ಅರ್ಧ ತೆರೆದು ಕೆಸರು ನೀರಿನಲ್ಲಿ ಆಡಿಸುತ್ತಾ ನಡೆಯುತ್ತದೆ. ಮೀನು ತಗುಲಿದರೆ ಸೆಕೆಂಡಿನ ನಲವತ್ತನೇ ಒಂದು ಭಾಗದಲ್ಲಿ ಕೊಕ್ಕು ಮುಚ್ಚುತ್ತದೆ. ಹೀಗೆ ಹೊಟ್ಟೆ ತುಂಬಬೇಕಾದರೆ ಮೀನು ಒತ್ತೊತ್ತಾಗಿರಬೇಕು. ಬೇಸಿಗೆಯಲ್ಲಿ ನೀರು ಇಳಿದು ಗುಂಡಿಗಳಲ್ಲಿ ಮೀನು ಕೂಡಿಕೊಂಡಾಗ ಮಾತ್ರ ಅದು ಸಾಧ್ಯ. ಅದಕ್ಕೇ ಅದು ಗೂಡು ಕಟ್ಟುವುದು ಒಣಗಾಲದಲ್ಲಿ. ಆ ಹೊತ್ತಿನಲ್ಲಿ ಯಾರಾದರೂ ಗೇಟು ಎತ್ತಿ ನೀರು ಏರಿಸಿದರೆ ಮೀನೆಲ್ಲ ಚದುರುತ್ತವೆ. ತಾಯಿ ತಂದೆ ಮರಿಗಳನ್ನು ಬಿಟ್ಟು ಹಾರಿಹೋಗುತ್ತವೆ.

ಜಲಾಶಯ ಇಷ್ಟು ಆಳ ಇರಬಾರದಿತ್ತು, ಜಾಸ್ತಿ ಜಾಗ ತಗೊಂಡು ತೆಳುವಾಗಿ ಹರಡಬೇಕಿತ್ತು ಎನ್ನುವ ವಿಜ್ಞಾನಿಗಳಿದ್ದಾರೆ. ನನಗೂ ಅದು ಸರಿ ಅನ್ನಿಸುತ್ತದೆ. ಆದರೆ ಜೌಗಿನ ಪಾಲಿನ ನೀರು ಅಂತ ಒಂದು ಲೆಕ್ಕ ತೆರೆದರಲ್ಲ, ಅದನ್ನು ನಾನು ಸಣ್ಣದು ಅನ್ನಲಾರೆ.

ನಮ್ಮ ಶರಾವತಿಯಲ್ಲಿ ಗೇಟು ಏಳುವುದು ಕರೆಂಟಿಗಾಗಿ. ಟರ್ಬೈನು ತಿರುಗಿಸಿದ ಸಿಹಿನೀರು ಗೇರುಸೊಪ್ಪೆ ದಾಟಿ ಹೊನ್ನಾವರದ ಅಳಿವೆಗೆ ಬೇಸಿಗೆಯಲ್ಲೂ ಇಳಿಯುತ್ತಲೇ ಇರುತ್ತದೆ. ಮೊದಲು ಅಲ್ಲಿ ಬೇಸಿಗೆಯಲ್ಲಿ ಸಮುದ್ರದ ಉಪ್ಪು ಒಳಗೆ ಏರುತ್ತಿತ್ತು, ಬಳಚು ಅನ್ನೋ ತಿನ್ನುವ ಚಿಪ್ಪಿ ಬೆಳೆಯುತ್ತಿತ್ತು. ಈಗ ಉಪ್ಪು ಸಾಲದು, ಬಳಚು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಸ್ವಲ್ಪ ಉತ್ತರಕ್ಕೆ, ಕುಮಟಾದ ಹತ್ತಿರ, ಡ್ಯಾಂ ಇಲ್ಲದ ಅಘನಾಶಿನಿ ಸಮುದ್ರ ಸೇರುತ್ತದೆ. ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲುದ್ದದ ನೀರಿಗೆ ಇಳಿದು, ಕಾಲಿನಿಂದಲೇ ತಡವಿ ನೋಡಿ, ಬುಟ್ಟಿ ತುಂಬಾ ಬಳಚು ಹೊತ್ತು ಬರುತ್ತಾರೆ.