ಗೋಳದ ಮೇಲ್ಮೈಗೆ ಎರಡೇ ಆಯಾಮ ಹೇಗೆ?

“ಗೋಳ ಉಬ್ಬಿದ ಆಕೃತಿ. ಹಾಗಿದ್ದರೂ ಅದರ ಮೇಲ್ಮೈಗೆ ಎರಡೇ ಆಯಾಮ ಎನ್ನುತ್ತಾರಲ್ಲ, ಅದು ಹೇಗೆ?” ಈ ಪ್ರಶ್ನೆಗೆ ಹಲವು ಬಾರಿ ಚುಟುಕಾಗಿ ಉತ್ತರಿಸಿದ್ದರೂ ಅದು ಮತ್ತೆ ಮತ್ತೆ ಬರುತ್ತಲೇ ಇರುವುದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಒಂದು ಬಿಂದುವಿನ ನೆಲೆಯನ್ನು ಹೇಳಲು ಒಂದನ್ನೊಂದು ಅವಲಂಬಿಸದ ಎಷ್ಟು ಸಂಖ್ಯೆಗಳು ಬೇಕೋ ಆಯಾಮವೂ ಅಷ್ಟೇ. ಭೂಗೋಳದ ಮೇಲೆ ಬೆಂಗಳೂರನ್ನು ಗುರುತಿಸಲು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶ, 77.6 ಡಿಗ್ರಿ ಪೂರ್ವ ರೇಖಾಂಶ ಎಂದರೆ ಸಾಕು. ಗೋಳದ ಒಳಭಾಗವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ಕೇಂದ್ರದಿಂದ ಎಷ್ಟು ದೂರ ಎಂಬ ಮೂರನೆಯ ಸಂಖ್ಯೆ ಬೇಕಾಗುತ್ತದೆ.

ಗೊಂದಲದ ಮೂಲ, ಎರಡು ಆಯಾಮವೆಂದರೆ ಚಪ್ಪಟೆ ಎಂಬ ನಂಬಿಕೆ. ಇದು ತಪ್ಪು, ಮತ್ತು ಬಹಳ ಗಟ್ಟಿಯಾಗಿ ಬೇರೂರಿದ ತಪ್ಪು. ಆಯಾಮ ಎಷ್ಟು ಎಂಬುದು ಒಂದು ಪ್ರಶ್ನೆ, ಬಾಗಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಹಾಳೆಯ ಮೇಲೆ ತ್ರಿಭುಜವೊಂದನ್ನು ಬರೆದು ಹಾಳೆಯನ್ನು ಕೊಳವೆಯಂತೆ ಸುತ್ತಿ ನೋಡಿ: ಕಾಗದ ಎಲ್ಲಿಯೂ ಹಿಗ್ಗಿಲ್ಲ, ಕುಗ್ಗಿಲ್ಲ, ಆದ್ದರಿಂದ ಅದರ ಮೇಲೆಯೇ ಅಳೆದರೆ ಕೋನಗಳ ಮೊತ್ತ ಈಗಲೂ 180 ಡಿಗ್ರಿ. ಗೋಳದ ಮೇಲೆ ಹಾಗಲ್ಲ. ಉತ್ತರ ಧ್ರುವದಿಂದ ಸಮಭಾಜಕ ವೃತ್ತಕ್ಕೆ ನೇರವಾಗಿ ಇಳಿದು, ಅದರ ಉದ್ದಕ್ಕೂ ಭೂಮಿಯ ಸುತ್ತಳತೆಯ ಕಾಲು ಭಾಗ ಸಾಗಿ, ಮತ್ತೆ ಧ್ರುವಕ್ಕೆ ನೇರವಾಗಿ ಏರಿದರೆ ಮೂರೂ ಲಂಬಕೋನಗಳಾಗಿರುವ ತ್ರಿಭುಜ ಸಿಗುತ್ತದೆ. ಮೊತ್ತ 270 ಡಿಗ್ರಿ. ಈ ಅಳತೆಗಾಗಿ ಮೇಲ್ಮೈಯನ್ನು ಬಿಟ್ಟು ಹೊರಗೆ ಬರಬೇಕಾಗಿಯೇ ಇಲ್ಲ. ಮೇಲ್ಮೈಯ ಒಳಗೇ ಅಳೆದು ಅದರ ವಕ್ರತೆಯನ್ನು ಕಂಡುಹಿಡಿಯಬಹುದೆಂದು ಗಣಿತಜ್ಞ ಗೌಸ್ 1827ರಲ್ಲಿ ತೋರಿಸಿಕೊಟ್ಟರು. ಗಣಿತದ ಅತ್ಯಂತ ಸುಂದರ ಪ್ರಮೇಯಗಳಲ್ಲಿ ಇದೂ ಒಂದು ಎಂದು ನಾನು ಪಾಠ ಮಾಡುವಾಗಲೆಲ್ಲ ಹೇಳುತ್ತೇನೆ. ಭೂಗೋಳವನ್ನು ದೂರಗಳು ಕೆಡದಂತೆ ಸಮತಲದ ನಕ್ಷೆಯಾಗಿಸಲು ಯಾರಿಂದಲೂ ಆಗದಿರುವುದಕ್ಕೂ ಇದೇ ಕಾರಣ.

ಇಲ್ಲಿ ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಎರಡು ಸಂಖ್ಯೆಗಳನ್ನು ಬೆಸೆದು ಒಂದೇ ಸಂಖ್ಯೆಯಾಗಿಸಿದರೆ ಚೌಕದ ಆಯಾಮವೂ ಒಂದೇ ಆಗುವುದಿಲ್ಲವೇ? 0.1234 ಮತ್ತು 0.5678ರ ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಹೆಣೆದರೆ 0.15263748 ಆಗುತ್ತದೆ. ಈ ಬಗೆಯ ಉಪಾಯದಿಂದಲೇ ಗಣಿತಜ್ಞ ಕ್ಯಾಂಟರ್ 1877ರಲ್ಲಿ, ಚೌಕದಲ್ಲಿರುವಷ್ಟೇ ಬಿಂದುಗಳು ಅದರ ಒಂದು ಬಾಹುವಿನಲ್ಲಿಯೂ ಇವೆ ಎಂದು ಸಾಧಿಸಿದರು. ಆದರೆ ಹೀಗೆ ಹೆಣೆದಾಗ ಚೌಕದಲ್ಲಿ ಅಕ್ಕಪಕ್ಕದಲ್ಲಿದ್ದ ಬಿಂದುಗಳು ರೇಖೆಯಲ್ಲಿ ದೂರ ದೂರ ಚೆದುರಿಹೋಗಬಹುದು. ನೆರೆಹೊರೆ ಎರಡೂ ಕಡೆ ಕೆಡದಂತೆ ಚೌಕವನ್ನು ರೇಖೆಗೆ ಹೊಂದಿಸುವುದು ಅಸಾಧ್ಯ. ಎಷ್ಟೇ ಆಯಾಮಗಳಿದ್ದರೂ, ಆಯಾಮಗಳ ಸಂಖ್ಯೆ ಬೇರೆ ಬೇರೆಯಾದರೆ ಹೀಗೆ ಹೊಂದಿಸಲಾಗದೆಂದು ಗಣಿತಜ್ಞ ಬ್ರೌವರ್ 1911ರಲ್ಲಿ ಸಾಧಿಸಿದರು.