ಎಂಟರ್ ಒತ್ತುವ ಮೊದಲು ಹೊಸ ಹೆಸರು ಓದಿ

ರಾಜ್ಯೋತ್ಸವ ಮುಗಿದ ವಾರ ಡೊಂಬಿವಲಿಯ ನಮ್ಮ ಸಂಘದವರು ಪೆನ್‌ಡ್ರೈವ್ ತಂದುಕೊಟ್ಟರು. ಎರಡು ಕ್ಯಾಮೆರಾ, 1,140 ಫೋಟೊ. "ಯಾವ ದಿನದ್ದು, ಯಾವುದು ಮೊದಲು ಅಂತ ಗೊತ್ತೇ ಆಗಲ್ಲ ಸರ್, ಹೆಸರು ಸರಿ ಮಾಡಿಕೊಡಿ" ಅಂದರು. ಒಂದೊಂದಾಗಿ ಮಾಡುತ್ತ ಕೂತರೆ ಭಾನುವಾರ ಪೂರ್ತಿ ಹೋಗುತ್ತದೆ. ಲಿನಕ್ಸ್ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡು ಟೈಪ್ ಮಾಡುವ ಕಿಟಕಿಯಲ್ಲಿ, ಒಂದೇ ಸಾಲಿನ ಕೆಲಸ. ಆದರೆ ಆ ಸಾಲಿಗೆ ಎಂಟರ್ ಒತ್ತಲು ನಾನು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಫೋಟೊಗಳು ಹೀಗೇ ಬಂದಿದ್ದವು. ಒಂದು ಕ್ಯಾಮೆರಾದ ಹೆಸರು ಐಎಂಜಿ ಅಂತ ಶುರು, ಇನ್ನೊಂದರದ್ದು ಡಿಎಸ್‌ಸಿ. ನಂಬರ್ ಮಾತ್ರ ಎರಡರಲ್ಲೂ 0001ರಿಂದ 9999ರೊಳಗೇ. ನಾನು ಮೊದಲ ಅಕ್ಷರಗಳನ್ನು ತೆಗೆದು, ಹೆಸರು ಬದಲಿಸುವ ಎಂವಿ (mv) ಕಮಾಂಡನ್ನು ಲೂಪ್‌ನಲ್ಲಿ, ಅಂದರೆ ಒಂದಾದ ಮೇಲೊಂದು ಫೈಲಿಗೆ, ಓಡಿಸಿದೆ. ಎರಡು 0412 ಇದ್ದ ಕಡೆ ಒಂದೇ ಉಳಿಯಿತು. ಎಂವಿ ಹಳೆಯ ಫೈಲಿನ ಮೇಲೆ ಹೊಸದನ್ನು ಸುಮ್ನೆ ಕೂರಿಸಿಬಿಡುತ್ತದೆ. ಕೇಳುವುದಿಲ್ಲ, ಅನ್‌ಡೂ ಇಲ್ಲ, ಟ್ರ್ಯಾಶ್‌ನಲ್ಲೂ ಸಿಗುವುದಿಲ್ಲ. ನಾನು ಕಾಪಿ ಇಟ್ಟಿರಲಿಲ್ಲ. ಧಾರೆಯ ಫೋಟೊಗಳಲ್ಲಿ ಅರ್ಧ ಹೋದವು ಅಂತ ಹುಡುಗಿಯ ಅಮ್ಮನಿಗೆ ಹೇಳುವಾಗ ನನಗೆ ಮಾತೇ ಹೊರಡಲಿಲ್ಲ.

ಈಗ ಮೊದಲು ಕಾಪಿ. ಆಮೇಲೆ ರೀನೇಮ್ ಕಮಾಂಡು, ಅದರ ಜೊತೆಗೆ ಮೈನಸ್ ಎನ್ (-n) ಅನ್ನುವ ಆಯ್ಕೆ. ಉಬುಂಟು ಅನ್ನುವ ಲಿನಕ್ಸ್‌ನಲ್ಲಿ ಸಿಗುವ, ಪರ್ಲ್ ಭಾಷೆಯಲ್ಲಿ ಬರೆದ ರೀನೇಮ್‌ಗೆ ಮೈನಸ್ ಎನ್ ಕೊಟ್ಟರೆ ಏನನ್ನೂ ಬದಲಿಸುವುದಿಲ್ಲ. ಯಾವ ಹೆಸರು ಏನಾಗುತ್ತದೆ ಅಂತ ತೋರಿಸುತ್ತದೆ ಅಷ್ಟೆ. ವಿಂಡೋಸ್‌ನ ಕಮಾಂಡು ಕಿಟಕಿಯಾದ ಪವರ್‌ಶೆಲ್‌ನಲ್ಲಿ ಇದೇ ಕೆಲಸಕ್ಕೆ ವಾಟ್‌ಇಫ್ (-WhatIf) ಇದೆ. ಎಂವಿಯನ್ನೇ ಬಳಸುವವರು ಅದಕ್ಕೂ ಮೈನಸ್ ಎನ್ ಹಾಕಿ. ಅಲ್ಲಿ ಅರ್ಥ ಬೇರೆ: ಇರುವ ಫೈಲನ್ನು ಅಳಿಸಬೇಡ ಅಂತ.

ಸಾವಿರ ಸಾಲನ್ನು ಕಣ್ಣಲ್ಲೇ ಓದಿ ಮುಗಿಸಲು ಆಗಲ್ಲ, ಅಲ್ವಾ? ಹೊಸ ಹೆಸರುಗಳನ್ನಷ್ಟೇ ತೆಗೆದು ಸಾರ್ಟ್ (sort) ಕಮಾಂಡಿನಿಂದ ಕ್ರಮವಾಗಿ ಜೋಡಿಸಿ, ಯೂನಿಕ್ ಮೈನಸ್ ಡಿ (uniq -d) ಕಮಾಂಡಿಗೆ ಕೊಡಿ. ಎರಡು ಸಲ ಬಂದ ಹೆಸರು ಮಾತ್ರ ಹೊರಗೆ ಬರುತ್ತದೆ. ಏನೂ ಬರದಿದ್ದರೆ ಎರಡು ಫೋಟೊಗೆ ಒಂದೇ ಹೊಸ ಹೆಸರು ಬಿದ್ದಿಲ್ಲ ಅಂತ ಅರ್ಥ.

ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ದಿನ. ನಂಬರಿಗೆ ಮುಂದೆ ಸೊನ್ನೆ ಇರಲಿ, ಇಲ್ಲದಿದ್ದರೆ 10 ಬಂದು 2ಕ್ಕಿಂತ ಮೊದಲು ಕೂರುತ್ತದೆ. ಹೆಸರಿನಲ್ಲಿ ಸ್ಪೇಸ್ ಇದ್ದರೆ ಕಮಾಂಡಿನಲ್ಲಿ ಅದನ್ನು ಕೊಟೇಶನ್ ಚಿಹ್ನೆಗಳ ಒಳಗೆ ಬರೆಯಲು ಮರೆಯಬೇಡಿ.

ಸಂಘದ ಫೋಟೊಗಳಲ್ಲಿ ಈ ಸಲ 37 ಹೆಸರು ಎರಡೆರಡು ಸಲ ಬಂದವು. ನಂಬರಿನ ಮುಂದೆ ಕ್ಯಾಮೆರಾಕ್ಕೆ ಒಂದೊಂದು ಅಕ್ಷರ ಸೇರಿಸಿ ಮತ್ತೆ ನೋಡಿದೆ. ಏನೂ ಬರಲಿಲ್ಲ. ಆಗ ಮೈನಸ್ ಎನ್ ತೆಗೆದು ಎಂಟರ್ ಒತ್ತಿದೆ. ಎಣಿಸಿದೆ: 1,140.