ವತ್ಸನಾಭಿಯ ಸೋದರ ಬೇರು, ಐದಾರು ವರ್ಷದ ಪದವಿ

ನಮ್ಮ ವತ್ಸನಾಭಿ ಎಂಬ ವಿಷಮೂಲಿಕೆಯ ಹತ್ತಿರದ ಸಂಬಂಧಿ ಗಿಡವೊಂದರ ಪಕ್ಕಬೇರಿಗೆ ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಫೂಜಿ ಎನ್ನುತ್ತಾರೆ. ಸಂಸ್ಕರಿಸಿದ್ದೇ ಆದರೂ ಕಷಾಯಕ್ಕಿಡುವಾಗ ಇದನ್ನು ಉಳಿದ ಮೂಲಿಕೆಗಳ ಜತೆ ಒಮ್ಮೆಲೇ ಹಾಕುವಂತಿಲ್ಲ. ಮೊದಲು ಇದೊಂದನ್ನೇ ಅರ್ಧ ಗಂಟೆಯಿಂದ ಒಂದು ಗಂಟೆ ಕುದಿಸಬೇಕು. ಅಲ್ಲಿನ ಔಷಧಕೋಶ, ಅಂದರೆ ಮದ್ದುಗಳ ಅಧಿಕೃತ ಗ್ರಂಥ, ಹೇಳುವ ಪ್ರಮಾಣ 3ರಿಂದ 15 ಗ್ರಾಂ. ನೀರಿನಲ್ಲಿ ಕುದಿಯುತ್ತಾ ಅಕೋನಿಟಿನ್ ಎಂಬ ವಿಷದ ಎಸ್ಟರ್ ಬಂಧಗಳು ಒಡೆಯುತ್ತವೆ, ವಿಷ ಬಹುಪಾಲು ಇಳಿಯುತ್ತದೆ. ಕುದಿ ಸಾಲದಿದ್ದರೆ ಮೊದಲು ತುಟಿ, ನಾಲಿಗೆ ಜೋಮು ಹಿಡಿಯುತ್ತವೆ. ಆಮೇಲೆ ಹೃದಯದ ಬಡಿತವೇ ತಾಳ ತಪ್ಪುತ್ತದೆ.

ಇಂಥ ಮದ್ದು ಬರೆದುಕೊಡುವವರು ಎಷ್ಟು ಓದಿರಬೇಕು? ಒಂದೊಂದು ದೇಶದ್ದು ಒಂದೊಂದು ಲೆಕ್ಕ. ಚೀನಾ 1956ರಲ್ಲಿ ಬೀಜಿಂಗ್, ಶಾಂಘೈ, ಗುವಾಂಗ್‌ಝೌ, ಚೆಂಗ್ಡುಗಳಲ್ಲಿ ಸಾಂಪ್ರದಾಯಿಕ ವೈದ್ಯದ ಕಾಲೇಜು ತೆರೆದು, ಗುರುವಿನ ಬಳಿಯ ಕಲಿಕೆಯನ್ನು ತರಗತಿಗೆ ತಂದಿತು. ಈಗಿನ ಪದವಿ ಐದು ವರ್ಷದ್ದು. ನಾಡಿ, ನಾಲಿಗೆ ನೋಡುವುದರ ಜತೆಗೆ ಅಂಗರಚನೆ, ಶರೀರಕ್ರಿಯೆ, ಆಸ್ಪತ್ರೆಯ ತರಬೇತಿಯೂ ಇದೆ. ನಮ್ಮ ಆಯುರ್ವೇದ ಪದವಿ ಬಿಎಎಂಎಸ್ ಓದಿದವರಿಗೆ ಈ ಬೆರಕೆ ಹೊಸದೆನಿಸದು. ದಕ್ಷಿಣ ಕೊರಿಯಾದಲ್ಲಿ ಆರು ವರ್ಷ, ನಂತರ ರಾಷ್ಟ್ರೀಯ ಪರೀಕ್ಷೆ. ಜಪಾನಿನ ದಾರಿಯೇ ಬೇರೆ: ಕಾಂಪೊ ಎಂಬ, ಚೀನೀ ಮೂಲದ ಅಲ್ಲಿನ ಸಾಂಪ್ರದಾಯಿಕ ಮದ್ದಿಗೆಂದು ಪ್ರತ್ಯೇಕ ವೈದ್ಯ ಪರವಾನಗಿ ಇಲ್ಲ, ಆಧುನಿಕ ವೈದ್ಯರೇ ಬರೆಯುತ್ತಾರೆ. ಹಾಗಿದ್ದೂ ವೈದ್ಯಕೀಯ ಮಾದರಿ ಪಠ್ಯಕ್ರಮಕ್ಕೆ ಕಾಂಪೊ ಸೇರಿದ್ದು 2001ರಲ್ಲಿ. ಅಲ್ಲಿನ ಸೂಜಿ ಚಿಕಿತ್ಸಕರು ಕನಿಷ್ಠ ಮೂರು ವರ್ಷ ಬೇರೆ ಶಾಲೆಯಲ್ಲಿ ಕಲಿಯುತ್ತಾರೆ. ಆಸ್ಟ್ರೇಲಿಯಾ 2012ರ ಜುಲೈನಿಂದ ಚೀನೀ ಪದ್ಧತಿಯ ವೈದ್ಯರನ್ನು ರಾಷ್ಟ್ರಮಟ್ಟದಲ್ಲಿ ನೋಂದಾಯಿಸುತ್ತಿದೆ.

ವರ್ಷಗಳ ಲೆಕ್ಕಕ್ಕಿಂತ ಅಂಗರಚನೆಯನ್ನು ಎಷ್ಟು ಗಟ್ಟಿಯಾಗಿ ಕಲಿಸುತ್ತಾರೆ ಎಂದು ಕೇಳುವುದೇ ಮೇಲು. ಸೂಜಿ ಚಿಕಿತ್ಸೆಯಲ್ಲಿ ಭುಜದ ಮೇಲಿನ ಜಿಯಾನ್‌ಜಿಂಗ್ ಎಂಬ ಬಿಂದುವಿಗೆ ಸೂಜಿ ಇಳಿಸಬಹುದಾದ ಆಳ 0.5ರಿಂದ 0.8 ಚುನ್, ಒಂದು ಚುನ್ ಎಂದರೆ ರೋಗಿಯದೇ ಹೆಬ್ಬೆರಳಿನ ಅಗಲ. ಕೆಳಗೇ ಶ್ವಾಸಕೋಶದ ತುದಿ ಇರುತ್ತದೆ. ತೆಳ್ಳಗಿನವರಲ್ಲಿ ಸೂಜಿ ಆಳಕ್ಕಿಳಿದರೆ ಎದೆಗೂಡಿನೊಳಗೆ ಗಾಳಿ ಸೋರುತ್ತದೆ. ಏದುಸಿರು ಕೆಲವೊಮ್ಮೆ ರೋಗಿ ಮನೆ ಸೇರಿದ ಮೇಲೆ ಶುರುವಾಗುತ್ತದೆ.

ಮೂಲಿಕೆ ಗುರುತಿಸುವ ಪಾಠವಂತೂ ಇನ್ನೂ ನಾಜೂಕಿನದು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆ ತಿಂದ ಅನೇಕ ಮಹಿಳೆಯರ ಮೂತ್ರಪಿಂಡ ಕೆಟ್ಟವು. ಹಾನ್ ಫಾಂಗ್‌ಜಿ ಎಂಬ ಬೇರು ಇರಬೇಕಾದ ಜಾಗದಲ್ಲಿ ಗುವಾಂಗ್ ಫಾಂಗ್‌ಜಿ ಸೇರಿತ್ತು. ಹೆಸರು ಒಂದೇ ಥರ, ಗಿಡದ ಕುಲ ಮಾತ್ರ ಬೇರೆ: ಮೊದಲನೆಯದು ಸ್ಟೆಫಾನಿಯಾ, ಎರಡನೆಯದು ಅರಿಸ್ಟೊಲೋಕಿಯಾ. ಈ ಎರಡನೆಯದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಗಡುಸಾಗಿಸುತ್ತದೆ, ಮೂತ್ರನಾಳಕ್ಕೆ ಕ್ಯಾನ್ಸರನ್ನೂ ತರುತ್ತದೆ. ಒಣಗಿಸಿ ಹೋಳು ಮಾಡಿದ ಬೇರನ್ನು ಕಣ್ಣಳತೆಯಲ್ಲಿ ನಂಬಲಾಗದು. ಘಟಕಗಳನ್ನು ಬೇರ್ಪಡಿಸಿ ತೋರಿಸುವ ತೆಳುಪದರ ಕ್ರೊಮ್ಯಾಟೊಗ್ರಫಿ ಪರೀಕ್ಷೆಯಲ್ಲಿ ಹಾನ್ ಫಾಂಗ್‌ಜಿಯ ಘಟಕವಾದ ಟೆಟ್ರಾಂಡ್ರಿನ್ ಗುರುತು ಮೂಡಬೇಕು, ಅರಿಸ್ಟೊಲೋಕಿಕ್ ಆಮ್ಲದ ಗುರುತು ಕಾಣಬಾರದು.